ತಲೆದಂಡದ ಕಾಡಿನಲ್ಲಿ ಅರಣ್ಯಸ್ನಾನ

1982ರ ಅಕ್ಟೋಬರಿನಲ್ಲಿ ಜಪಾನಿನ ನಗಾನೊ ಪ್ರಾಂತ್ಯದ ಅಗೆಮಾತ್ಸು ಎಂಬ ಸಣ್ಣ ಊರಿನ ಪಕ್ಕದ ಕಾಡಿನಲ್ಲಿ ಒಂದು ಮೇಳ ನಡೆಯಿತು. ಕಾಡಿನ ಹೆಸರು ಅಕಾಸಾವಾ. ಮೇಳಕ್ಕೆ ಬಂದವರು ಬೆಟ್ಟದ ತುದಿ ಮುಟ್ಟಬೇಕಿರಲಿಲ್ಲ, ಹಕ್ಕಿಗಳ ಪಟ್ಟಿ ಮಾಡಬೇಕಿರಲಿಲ್ಲ. ಮುನ್ನೂರು ವರ್ಷದ ಮರಗಳ ನಡುವೆ ನಿಧಾನವಾಗಿ ನಡೆದು, ಆಳವಾಗಿ ಉಸಿರೆಳೆದುಕೊಂಡರೆ ಸಾಕಿತ್ತು. ಅದಕ್ಕೆ ಮೂರು ತಿಂಗಳ ಹಿಂದೆ, ಜುಲೈಯಲ್ಲಿ, ಜಪಾನ್ ಅರಣ್ಯ ಇಲಾಖೆಯ ಮುಖ್ಯಸ್ಥ ತೊಮೊಹಿದೆ ಅಕಿಯಾಮಾ ಇದಕ್ಕೊಂದು ಹೆಸರು ಕೊಟ್ಟಿದ್ದರು: ಶಿನ್‌ರಿನ್-ಯೋಕು. ಕನ್ನಡದಲ್ಲಿ ಈಗ ಅರಣ್ಯಸ್ನಾನ ಎನ್ನುತ್ತಾರೆ.

ನಿಸರ್ಗ ಚಿಕಿತ್ಸೆಯ ತರಗತಿಗಳಲ್ಲಿ, ಪರಿಸರ ಮನೋವಿಜ್ಞಾನದ ಶಿಬಿರಗಳಲ್ಲಿ, ಧ್ಯಾನಕೇಂದ್ರಗಳ ಕರಪತ್ರಗಳಲ್ಲಿ ಈ ಅರಣ್ಯಸ್ನಾನ ಇಂದು ಸಾವಿರಾರು ವರ್ಷಗಳ ಪೌರಾತ್ಯ ಜ್ಞಾನದಂತೆ ಕಾಣಿಸಿಕೊಳ್ಳುತ್ತದೆ. ಝೆನ್ ಗುರುಗಳ ಕಾಲದಿಂದ ಬಂದದ್ದು ಎಂದು ನಂಬಿದವರೂ ಬಹಳ. ಅದರ ನಿಜವಾದ ವಯಸ್ಸು ನಲವತ್ತು ದಾಟಿ ಕೆಲವೇ ವರ್ಷ. ಅದು ಹುಟ್ಟಿದ್ದು ಸರ್ಕಾರಿ ಇಲಾಖೆಯೊಂದರ ಮೇಜಿನ ಮೇಲೆ. ಹಾಗೆಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಕಾಡಿನ ಮಡಿಲಲ್ಲಿ ಮನಸ್ಸನ್ನು ಗುಣಪಡಿಸಿಕೊಳ್ಳಲು ಹೊರಟವರು ಆ ಕಾಡು ಯಾರಿಂದ, ಯಾರ ಹೊಟ್ಟೆಯ ಮೇಲೆ ಹೊಡೆದು ಉಳಿಯಿತು ಎಂಬುದನ್ನೂ ತಿಳಿದಿರಬೇಕು. ಅಕಾಸಾವಾದ ಚರಿತ್ರೆಯಲ್ಲಿ ಕಾಡು ಒಬ್ಬನ ಮನಸ್ಸನ್ನು ಮುರಿದ ಕಥೆಯೂ ಇದೆ.

ಅಕಾಸಾವಾ ಇರುವುದು ಕಿಸೊ ಕಣಿವೆಯಲ್ಲಿ. ಕ್ಯೋಟೊದಿಂದ ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಹೋಗುವ ಹಳೆಯ ಹೆದ್ದಾರಿಗಳಲ್ಲಿ ಒಂದು ಈ ಕಣಿವೆಯನ್ನು ಹಾದುಹೋಗುತ್ತಿತ್ತು. ಎರಡೂ ಬದಿ ಕಡಿದಾದ ಗುಡ್ಡ, ನಡುವೆ ಹೊಳೆ. ಗದ್ದೆಗೆ ಜಾಗ ಕಡಿಮೆ, ಹಾಗಾಗಿ ಇಲ್ಲಿನವರ ಬದುಕೆಲ್ಲ ಮರದ ಮೇಲೆ ನಿಂತಿತ್ತು. ಅದರಲ್ಲೂ ಹಿನೋಕಿ. ಸೈಪ್ರಸ್ ಕುಲದ ಈ ಮರ ಕಿಸೊದ ಚಳಿಯಲ್ಲಿ ಬಹಳ ನಿಧಾನ ಬೆಳೆಯುತ್ತದೆ. ನಿಧಾನ ಬೆಳೆಯುವುದರಿಂದ ಅದರ ಉಂಗುರಗಳು ಒತ್ತೊತ್ತಾಗಿ, ತಿರುಳು ಗಟ್ಟಿಯಾಗಿ, ನೇರವಾಗಿ ಇರುತ್ತದೆ. ಕೊಯ್ದರೆ ತೆಳು ಗುಲಾಬಿ ಬಣ್ಣ, ನಿಂಬೆ ಮತ್ತು ಗಂಧ ಬೆರೆತಂಥ ಪರಿಮಳ. ಹುಳ ಹತ್ತುವುದಿಲ್ಲ, ನೀರಿಗೆ ಬೇಗ ಕೊಳೆಯುವುದಿಲ್ಲ. ಏಳನೆಯ ಶತಮಾನದಲ್ಲಿ ಸ್ಥಾಪನೆಯಾದ ಹೋರ್ಯೂಜಿ ಬೌದ್ಧಾಲಯ ಜಗತ್ತಿನ ಅತಿ ಹಳೆಯ ಮರದ ಕಟ್ಟಡವೆಂದು ಇಂದಿಗೂ ನಿಂತಿರುವುದು ಹಿನೋಕಿ ಕಂಬಗಳ ಮೇಲೆಯೇ.

ಇಷ್ಟು ಒಳ್ಳೆಯ ಮರವೇ ಕಣಿವೆಗೆ ಮುಳುವಾಯಿತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಜಪಾನಿನ ಯುದ್ಧಗಳು ಮುಗಿದು, ಗೆದ್ದವರು ಕೋಟೆ ಕಟ್ಟಲು ನಿಂತರು. ಮೊದಲು ಹಿದೆಯೋಶಿ, ಆಮೇಲೆ ತೊಕುಗಾವಾ ಮನೆತನ. ಕೋಟೆ, ಅರಮನೆ, ಸೇತುವೆ, ಹೊಸ ಪಟ್ಟಣ, ಎಲ್ಲಕ್ಕೂ ನಾಟಾ ಬೇಕು. ದಿಮ್ಮಿಗಳನ್ನು ಒಂದೊಂದಾಗಿ ಕಿಸೊ ಹೊಳೆಗೆ ಉರುಳಿಸಿ, ಕೆಳಗೆ ಹೊಳೆ ಅಗಲವಾದಲ್ಲಿ ತೆಪ್ಪವಾಗಿ ಕಟ್ಟಿ, ನಗೋಯಾದ ನಾಟಾ ಕಟ್ಟೆಗೆ ಸಾಗಿಸುತ್ತಿದ್ದರು. 1610ರಲ್ಲಿ ಶುರುವಾದ ನಗೋಯಾ ಕೋಟೆಗೂ ಇಲ್ಲಿನದೇ ಮರ. 1615ರಲ್ಲಿ ಇಡೀ ಕಿಸೊ ಕಣಿವೆ ತೊಕುಗಾವಾ ಮನೆತನದ ಒಂದು ಕವಲಾದ ಒವಾರಿ ಸಂಸ್ಥಾನದ ಪಾಲಾಯಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಬೆಟ್ಟಗಳು ಬೋಳಾಗಿದ್ದವು.

ಆಗ ಒವಾರಿಯವರು ಎಚ್ಚೆತ್ತರು. 1665ರಲ್ಲಿ ಸರ್ವೆ ಮಾಡಿಸಿ ಒಳ್ಳೆಯ ಬೆಟ್ಟಗಳಿಗೆ ಬೇಲಿ ಹಾಕಿದಂತೆ ಪ್ರವೇಶ ನಿಷೇಧಿಸಿದರು. 1708ರಲ್ಲಿ ಹಿನೋಕಿ, ಸಾವಾರಾ, ಅಸುನಾರೊ, ಕೋಯಾಮಾಕಿ ಎಂಬ ನಾಲ್ಕು ಜಾತಿಯ ಮರಗಳನ್ನು ಎಲ್ಲಿ ಬೆಳೆದಿದ್ದರೂ ಕಡಿಯಕೂಡದೆಂದು ಆಜ್ಞೆಯಾಯಿತು. ಮುಂದೆ ನೆಜುಕೊ ಸೇರಿ ಇವೇ ಕಿಸೊದ ಐದು ಮರಗಳೆಂದು ಹೆಸರಾದವು. ರಸ್ತೆಯ ಉಕ್ಕಡಗಳಲ್ಲಿ ಹೊರೆ ಬಿಚ್ಚಿಸಿ, ಒಳಗೆ ಈ ಮರದ ಹಲಗೆ ಇದೆಯೇ ಎಂದು ತಪಾಸಣೆ ಮಾಡುತ್ತಿದ್ದರು. ಒಂದು ಹಿನೋಕಿಗೆ ಒಂದು ತಲೆ ಎಂಬ ಮಾತು ಆ ಕಾಲದಿಂದ ಕಣಿವೆಯ ಜನರ ಬಾಯಲ್ಲಿ ಉಳಿದುಬಂದಿದೆ.

ಮೈಸೂರು ಸೀಮೆಯವರಿಗೆ ಈ ಕಥೆ ಹೊಸದೆನಿಸಲಾರದು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಅದು ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದಾಯಿತು. ಬ್ರಿಟಿಷರು, ಒಡೆಯರು, ಆಮೇಲೆ ಚುನಾಯಿತ ಸರ್ಕಾರಗಳು ಕೂಡ ಅದನ್ನೇ ಮುಂದುವರಿಸಿದರು. 2001ರಲ್ಲಿ ಕಾನೂನಿಗೆ ತಿದ್ದುಪಡಿ ಬರುವವರೆಗೆ ಜಮೀನಿನ ಒಡೆಯನಿಗೆ ತನ್ನ ನೆಲದ ಗಂಧದ ಮರದ ಮೇಲೆ ಒಡೆತನ ಇರಲಿಲ್ಲ. ಹೊಲದ ಬದುವಿನಲ್ಲಿ ತಾನಾಗಿ ಎದ್ದ ಗಂಧದ ಸಸಿಯನ್ನು, ಮುಂದೆ ಪೊಲೀಸು ಕಚೇರಿಯ ತಾಪತ್ರಯ ಬೇಡವೆಂದು ಕಿತ್ತೆಸೆದ ರೈತರ ಮಾತನ್ನು ಹಳೇ ಮೈಸೂರಿನ ಹಳ್ಳಿಗಳಲ್ಲಿ ಈಗಲೂ ಕೇಳಬಹುದು. ದೊರೆಯ ಮರ ಮನೆಯಂಗಳದಲ್ಲಿ ಬೆಳೆಯುವುದೆಂದರೆ ಬಡವನಿಗೆ ಭಯವೇ.

ಆದರೆ ಕಿಸೊದಲ್ಲಿ ಆ ಭಯ ಒಂದು ಕೆಲಸವನ್ನಂತೂ ಮಾಡಿತು. ಕಾಡು ತಾನಾಗಿಯೇ ಮತ್ತೆ ಎದ್ದಿತು. ಅಕಾಸಾವಾದಲ್ಲಿ ನಡೆಯುವವರು ಕೆಲವು ಮರಗಳ ಬುಡದಲ್ಲಿ ನಿಂತುಬಿಡುತ್ತಾರೆ. ಅವುಗಳ ಬೇರುಗಳು ನೆಲದಿಂದ ಮೇಲೆದ್ದು ಕಮಾನಿನಂತೆ ಬಾಗಿವೆ, ಮಧ್ಯೆ ಟೊಳ್ಳು. ಕೋಟೆಯ ಕಾಲದಲ್ಲಿ ಕಡಿದ ಮರದ ಬೊಡ್ಡೆಯ ಮೇಲೆ ಬೀಜ ಬಿದ್ದು ಮೊಳೆತು, ಅದರ ಬೇರು ಬೊಡ್ಡೆಯನ್ನು ತಬ್ಬಿಕೊಂಡು ಮಣ್ಣಿಗೆ ಇಳಿಯಿತು. ಕಾಲಾಂತರದಲ್ಲಿ ಬೊಡ್ಡೆ ಕೊಳೆತು ಪುಡಿಯಾಯಿತು, ಬೇರು ಮಾತ್ರ ಹಾಗೇ ನಿಂತಿತು. ಆ ಟೊಳ್ಳಿನ ಅಗಲವೇ ಕಡಿದುಹೋದ ಮರದ ಅಗಲ. ಕೋಟೆ ಕಟ್ಟಿದವರ ಕೊಡಲಿಯ ಲೆಕ್ಕವನ್ನು ಇಷ್ಟು ಹತ್ತಿರದಿಂದ ಕಾಣಲು ಬೇರೆ ದಾಖಲೆ ಬೇಕಿಲ್ಲ.

1868ರಲ್ಲಿ ತೊಕುಗಾವಾ ಮನೆತನದ ಶೋಗನ್ನರ ಆಳ್ವಿಕೆ ಮುಗಿದು ಮೆಯಿಜಿ ಚಕ್ರವರ್ತಿಯ ಸರ್ಕಾರ ಬಂದಾಗ ಕಣಿವೆಯ ಜನ ನಿಟ್ಟುಸಿರು ಬಿಟ್ಟರು. ಹೊಸ ಕಾಲ ಬಂತು, ಇನ್ನು ಬೆಟ್ಟ ನಮ್ಮದಾಗುತ್ತದೆ ಎಂದುಕೊಂಡವರಲ್ಲಿ ಮಾಗೊಮೆ ಎಂಬ ಊರಿನ ಮುಖ್ಯಸ್ಥ ಶಿಮಾಜಾಕಿ ಮಸಾಕಿಯೂ ಒಬ್ಬ. ದಾರಿಹೋಕ ದೊರೆಗಳು ಇಳಿದುಕೊಳ್ಳುವ ಬಿಡಾರದ ಯಜಮಾನಿಕೆ ಅವನ ಮನೆತನದ್ದು. ಓದಿದವನು, ಪ್ರಾಚೀನ ಜಪಾನಿನ ಸಂಸ್ಕೃತಿಯೇ ಮರಳುತ್ತದೆಂದು ಮನಸಾರೆ ನಂಬಿದ್ದವನು.

ಆಗಿದ್ದು ಉಲ್ಟಾ. ಹಿಂದೆ ಒವಾರಿಯವರ ಕಾಲದಲ್ಲಿ ಐದು ಮರಗಳನ್ನು ಬಿಟ್ಟು ಉಳಿದುದನ್ನು ಕಡಿಯಲು, ಸೊಪ್ಪು ಸೌದೆ ತರಲು ಹಳ್ಳಿಗರಿಗೆ ಕೆಲವು ಬೆಟ್ಟಗಳು ತೆರೆದಿದ್ದವು. ಹೊಸ ಅಧಿಕಾರಿಗಳು ಬಂದು, ಈ ಐದರಲ್ಲಿ ಯಾವುದಾದರೂ ಬೆಳೆದಿರುವ ಬೆಟ್ಟವೆಲ್ಲ ಸರ್ಕಾರದ ಕಾಡು ಎಂದರು. ಕಿಸೊದಲ್ಲಿ ಆ ಮರಗಳಿಲ್ಲದ ಬೆಟ್ಟ ಎಲ್ಲಿದೆ? ಮಸಾಕಿ ಸುತ್ತಲಿನ ಹಳ್ಳಿಗಳನ್ನು ಒಟ್ಟುಗೂಡಿಸಿ ಅರ್ಜಿ ಬರೆದ. ಅದರ ಫಲವಾಗಿ 1873ರಲ್ಲಿ ಅವನ ಅಧಿಕಾರವೇ ಹೋಯಿತು. ಮರುವರ್ಷ ಟೋಕಿಯೊದಲ್ಲಿ ಚಕ್ರವರ್ತಿಯ ಸವಾರಿ ಬರುತ್ತಿದ್ದಾಗ, ತನ್ನ ಅಳಲನ್ನು ಪದ್ಯವಾಗಿ ಬರೆದ ಬೀಸಣಿಗೆಯನ್ನು ಸಾರೋಟಿನತ್ತ ಎಸೆದು ದಂಡ ತೆತ್ತ. ಕೆಲಕಾಲ ದೂರದ ದೇವಾಲಯವೊಂದರಲ್ಲಿ ಪುರೋಹಿತನಾಗಿದ್ದು ಊರಿಗೆ ಮರಳಿದ. ಮನೆತನ ಕುಸಿದಿತ್ತು, ಮನಸ್ಸೂ ಕುಸಿಯುತ್ತ ಬಂತು. 1886ರಲ್ಲಿ ತನ್ನ ಪೂರ್ವಜರದೇ ಬೌದ್ಧ ಮಂದಿರಕ್ಕೆ ಬೆಂಕಿ ಇಡಲು ಹೋದ. ಮನೆಯವರು ಅವನನ್ನು ಕೂಡಿಹಾಕಿದರು. ಅದೇ ವರ್ಷ ಆ ಸೆರೆಯಲ್ಲೇ ಅವನ ಪ್ರಾಣ ಹೋಯಿತು.

ಅವನ ಕಿರಿಮಗ ಆಗ ಹದಿನಾಲ್ಕರ ಹುಡುಗ, ಟೋಕಿಯೊದಲ್ಲಿ ಓದುತ್ತಿದ್ದ. ಮುಂದೆ ಶಿಮಾಜಾಕಿ ತೋಸೊನ್ ಎಂಬ ಹೆಸರಿನಿಂದ ಜಪಾನಿನ ದೊಡ್ಡ ಕಾದಂಬರಿಕಾರನಾದ ಅವನು 1929ರಿಂದ 1935ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ 'ಯೊಆಕೆ ಮಾಯೆ' ತಂದೆಯ ಈ ಕಥೆಯನ್ನೇ ಆಧರಿಸಿದೆ. ಮನುಷ್ಯನ ಮನಸ್ಸಿಗೂ ಅವನ ನೆಲಕ್ಕೂ ಇರುವ ನಂಟನ್ನು ಕುರಿತು ಏನಾದರೂ ಓದಬೇಕೆನ್ನುವವರು ಮೊದಲು ಓದಬೇಕಾದ ಪುಸ್ತಕಗಳಲ್ಲಿ ಇದೂ ಒಂದು. ಕಾಡಿನಿಂದ ದೂರವಾದರೆ ಮನಸ್ಸು ಸೊರಗುತ್ತದೆ ಎಂದು ಪರಿಸರ ಮನೋವಿಜ್ಞಾನ ಹೇಳುವುದಕ್ಕೆ ನೂರು ವರ್ಷ ಮೊದಲೇ ಮಸಾಕಿ ಅದನ್ನು ಬದುಕಿ ತೋರಿಸಿದ್ದ. ಅವನ ಮಟ್ಟಿಗೆ ದೂರವಾಗುವುದೆಂದರೆ ನಗರಕ್ಕೆ ಹೋಗಿ ಪ್ರಕೃತಿಯನ್ನು ಮರೆಯುವುದಲ್ಲ, ಕಣ್ಣೆದುರಿಗೇ ಇರುವ ಬೆಟ್ಟಕ್ಕೆ ಕಾಲಿಡುವ ಹಕ್ಕು ಕಳೆದುಕೊಳ್ಳುವುದು.

ಮೆಯಿಜಿ ಸರ್ಕಾರಕ್ಕೆ ಅರಣ್ಯಶಾಸ್ತ್ರ ಬಂದದ್ದು ಜರ್ಮನಿಯಿಂದ. ಭಾರತಕ್ಕೂ ಅಲ್ಲಿಂದಲೇ. 1864ರಲ್ಲಿ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯವನು. ಜಪಾನಿನ ಆಧುನಿಕ ಅರಣ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಮಾತ್ಸುನೊ ಹಜಾಮಾ ಕಲಿತದ್ದು ಜರ್ಮನಿಯ ಏಬರ್ಸ್‌ವಾಲ್ಡೆಯಲ್ಲಿ. ಕೆನರಾದಲ್ಲಿ ಕುಮರಿ ಬೇಸಾಯಕ್ಕೆ ಕಡಿವಾಣ ಬಿದ್ದದ್ದು, ಸೊಪ್ಪಿನ ಬೆಟ್ಟದ ಹಕ್ಕುಗಳು ಕಾಗದದ ಮೇಲೆ ಅಳೆಯಲ್ಪಟ್ಟದ್ದು, 1930ರಲ್ಲಿ ಉತ್ತರ ಕನ್ನಡದವರು ಅರಣ್ಯ ಸತ್ಯಾಗ್ರಹ ಹೂಡಿದ್ದು ಇದೇ ಕಾಲದ ದೊಡ್ಡ ಕಥೆಯ ಇನ್ನೊಂದು ಅಧ್ಯಾಯ.

1889ರಲ್ಲಿ ಕಿಸೊದ ಕಾಡುಗಳು ನೇರ ಚಕ್ರವರ್ತಿಯ ಆಸ್ತಿಯಾದವು. 1916ರಲ್ಲಿ ಕಾಡಿನೊಳಕ್ಕೆ ಕಿರುಹಳಿಯ ರೈಲು ಬಂತು. ಅಮೆರಿಕದ ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯ ಪುಟ್ಟ ಉಗಿಬಂಡಿಗಳು ದಿಮ್ಮಿ ಎಳೆದವು. ಹೊಳೆಯಲ್ಲಿ ಮರ ತೇಲಿಸುವವರ ತಲೆಮಾರು ಅಲ್ಲಿಗೆ ಮುಗಿಯಿತು. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಚಕ್ರವರ್ತಿಯ ಕಾಡು ರಾಷ್ಟ್ರದ ಕಾಡಾಯಿತು. ಸುಟ್ಟುಹೋದ ಪಟ್ಟಣಗಳನ್ನು ಮತ್ತೆ ಕಟ್ಟಲು ಮರ ಬೇಕಿತ್ತು. ದೇಶದುದ್ದಕ್ಕೂ ಹಳೆಯ ಕಾಡು ಬೋಳಿಸಿ ಸುಗಿ ಎಂಬ ಮರದ ಮತ್ತು ಹಿನೋಕಿಯ ನೆಡುತೋಪು ಎಬ್ಬಿಸಿದರು. ಇಂದು ಜಪಾನಿನ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಕಾಡು. ಅದರಲ್ಲಿ ಸುಮಾರು ಒಂದು ಕೋಟಿ ಹೆಕ್ಟೇರ್ ಹೀಗೆ ನೆಟ್ಟದ್ದು.

ನೆಟ್ಟ ಮರ ಕೊಯ್ಲಿಗೆ ಬರುವ ಮೊದಲೇ ಮಾರುಕಟ್ಟೆ ಬಿದ್ದಿತು. 1964ರಲ್ಲಿ ನಾಟಾ ಆಮದಿಗೆ ಬಾಗಿಲು ತೆರೆಯಿತು. 1955ರಲ್ಲಿ ದೇಶಕ್ಕೆ ಬೇಕಾದ ಮರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಳಗಿನದೇ ಆಗಿತ್ತು. 1980ರ ಹೊತ್ತಿಗೆ ಅದು ಮೂರನೇ ಒಂದು ಪಾಲಿಗೆ ಇಳಿಯಿತು. ಅರಣ್ಯ ಇಲಾಖೆ ಸಾಲದಲ್ಲಿ ಮುಳುಗುತ್ತ ಹೋಯಿತು. 1998ರಲ್ಲಿ ಲೆಕ್ಕ ಚುಕ್ತಾ ಮಾಡಲು ಕೂತಾಗ ಆ ಸಾಲ 3.8 ಲಕ್ಷ ಕೋಟಿ ಯೆನ್ ಆಗಿತ್ತು. ಜೊತೆಗೆ ಸುಗಿ ತೋಪುಗಳ ಪರಾಗ ಗಾಳಿಗೆ ಹಾರಿ, ಪ್ರತಿ ವಸಂತದಲ್ಲೂ ಲಕ್ಷಾಂತರ ಮಂದಿಗೆ ಸೀನು, ಕಣ್ಣುರಿ. ಕಿಸೊದ ಕಾಡು ರೈಲು 1975ರಲ್ಲಿ ನಿಂತೇಹೋಯಿತು.

ಮರ ಮಾರಿ ಬದುಕಲಾಗದ ಇಲಾಖೆ ಕಾಡಿಗೆ ಬೇರೆ ಉಪಯೋಗ ಹುಡುಕಲೇಬೇಕಿತ್ತು. 1969ರಲ್ಲೇ ಅಕಾಸಾವಾವನ್ನು ದೇಶದ ಮೊದಲ ವಿಶ್ರಾಂತಿ ಅರಣ್ಯವೆಂದು ಘೋಷಿಸಿ, 728 ಹೆಕ್ಟೇರಿನಲ್ಲಿ ಕಾಲುದಾರಿ ಮಾಡಿದ್ದರು. ಇನ್ನೊಂದು ಕಡೆ, ಗಿಡಮರಗಳು ತಮ್ಮ ಸುತ್ತಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆವಿಯನ್ನು ಹೊರಬಿಡುತ್ತವೆ ಎಂದು ಸೋವಿಯತ್ ಜೀವವಿಜ್ಞಾನಿ ಬೋರಿಸ್ ಟೋಕಿನ್ 1930ರ ಸುಮಾರಿಗೆ ಪ್ರತಿಪಾದಿಸಿ, ಅದನ್ನು ಫೈಟಾನ್ಸೈಡ್ ಎಂದು ಕರೆದಿದ್ದ. ಆ ಕುರಿತ ಜನಪ್ರಿಯ ಪುಸ್ತಕ ಜಪಾನಿ ಭಾಷೆಯಲ್ಲಿ 1980ರಲ್ಲಿ ಬಂತು. ಅಕಿಯಾಮಾ ತಮ್ಮ ಯೋಜನೆ ಮುಂದಿಟ್ಟದ್ದು ಈ ಎರಡು ಸಂಗತಿಗಳು ಕೂಡಿದ ಹೊತ್ತಿನಲ್ಲಿ. ಒಳ್ಳೆಯ ಕಲ್ಪನೆಗಳು ಎಷ್ಟೋ ಸಲ ಹೀಗೆ ಇಕ್ಕಟ್ಟಿನಲ್ಲೇ ಹುಟ್ಟುತ್ತವೆ. ಖಾಲಿ ಬೊಕ್ಕಸದ ಇಲಾಖೆಯೊಂದು ಮರವನ್ನು ಕಡಿಯದೆ ಬಳಸುವ ದಾರಿ ಕಂಡುಕೊಂಡದ್ದು ನಿಜಕ್ಕೂ ದೊಡ್ಡ ಸಂಗತಿ.

ಆಗ ವೈದ್ಯಕೀಯ ಪುರಾವೆ ಎಂಬುದೇನೂ ಇರಲಿಲ್ಲ. ಅದು ಬರಲು ಎಂಟು ವರ್ಷ ಬೇಕಾಯಿತು. 1990ರಲ್ಲಿ ಸಂಶೋಧಕ ಯೋಶಿಫುಮಿ ಮಿಯಾಜಾಕಿ ದಕ್ಷಿಣದ ಯಾಕುಶಿಮಾ ದ್ವೀಪದ ಹಳೆಯ ಕಾಡಿನಲ್ಲಿ ನಡೆದವರ ಜೊಲ್ಲು ಪರೀಕ್ಷಿಸಿ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿರುವುದನ್ನು ಕಂಡರು. ಮುಂದೆ ಅವರೂ ಸಂಗಡಿಗರೂ 24 ಕಾಡುಗಳಲ್ಲಿ 280 ಯುವಕರನ್ನು, ಒಂದು ದಿನ ಕಾಡಿನಲ್ಲಿ ಮತ್ತೊಂದು ದಿನ ನಗರದಲ್ಲಿ, ಕೂರಿಸಿ ನಡೆಸಿ ನೋಡಿದರು. ಕಾಡಿನಲ್ಲಿ ಕಾರ್ಟಿಸಾಲ್, ನಾಡಿಬಡಿತ, ರಕ್ತದೊತ್ತಡ ಮೂರೂ ಕಡಿಮೆ. ಟೋಕಿಯೊದ ವೈದ್ಯ ಚಿಂಗ್ ಲೀ 2005ರಲ್ಲಿ ಕಂಪನಿ ನೌಕರರಾದ 12 ಗಂಡಸರನ್ನು ನಗಾನೊದ ಕಾಡಿಗೆ ಮೂರು ದಿನ ಕರೆದೊಯ್ದು, ರೋಗ ತಡೆಯುವ ಒಂದು ಬಗೆಯ ಬಿಳಿರಕ್ತಕಣಗಳ ಚಟುವಟಿಕೆ ಹೆಚ್ಚಿರುವುದನ್ನು ದಾಖಲಿಸಿದರು. ಹೋಟೆಲ್ ಕೋಣೆಯಲ್ಲಿ ಹಿನೋಕಿ ಎಣ್ಣೆಯ ಆವಿ ಹಾಯಿಸಿಯೂ ಪರೀಕ್ಷೆ ಮಾಡಿದರು.

ಹನ್ನೆರಡು ಜನರ ಮೇಲಿನ ಪರೀಕ್ಷೆಯಿಂದ ದೊಡ್ಡ ಮಾತು ಆಡಬಾರದು. ರಕ್ತಕಣದ ಚಟುವಟಿಕೆ ಹೆಚ್ಚಿತೆಂದರೆ ಕಾಯಿಲೆ ವಾಸಿಯಾಯಿತೆಂದು ಅರ್ಥವಲ್ಲ. ಕ್ಯಾನ್ಸರಿಗೆ ಅರಣ್ಯಸ್ನಾನ ಮದ್ದು ಎಂದು ಕೆಲವರು ಹೇಳುವುದು ರೋಗಿಗಳಿಗೆ ಮಾಡುವ ಅನ್ಯಾಯ. ಒತ್ತಡ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ ಎಂಬಷ್ಟಕ್ಕೆ ಪುರಾವೆ ಸಾಕಷ್ಟಿದೆ. ಅಷ್ಟೇ ಆದರೂ ಅದು ಕಡಿಮೆ ಲಾಭವಲ್ಲ.

ಇದೇ ಕಾಲದಲ್ಲಿ ಪೆಸಿಫಿಕ್ ಸಾಗರದ ಆಚೆ ಬೇರೊಂದು ದಾರಿಯಲ್ಲಿ ಇದೇ ವಿಚಾರ ಬೆಳೆಯುತ್ತಿತ್ತು. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ಕಡತ ತೆಗೆದು, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ಮಂದಿಯನ್ನು ಹೋಲಿಸಿದ. ಅರ್ಧದಷ್ಟು ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕವನ್ನೂ ಕಡಿಮೆ ಕೇಳಿದರು. 1992ರಲ್ಲಿ ಕ್ಯಾಲಿಫೋರ್ನಿಯಾದ ಇತಿಹಾಸಕಾರ ಥಿಯೋಡರ್ ರೋಜಾಕ್ 'ದಿ ವಾಯ್ಸ್ ಆಫ್ ದಿ ಅರ್ತ್' ಎಂಬ ಪುಸ್ತಕ ಬರೆದು ಪರಿಸರ ಮನೋವಿಜ್ಞಾನಕ್ಕೆ ಹೆಸರು, ರೂಪ ಕೊಟ್ಟ. ಮನಸ್ಸಿನ ಕಾಯಿಲೆಯನ್ನು ಮನುಷ್ಯ ಮನುಷ್ಯರ ನಡುವಿನ ಸಂಬಂಧದಲ್ಲಿ ಮಾತ್ರ ಹುಡುಕಿದರೆ ಸಾಲದು, ಭೂಮಿಯೊಂದಿಗಿನ ಸಂಬಂಧ ಮುರಿದದ್ದೂ ಕಾಯಿಲೆಯೇ ಎಂಬುದು ಅವನ ವಾದ.

ಎರಡು ದಾರಿಗಳೂ ಒಂದಾದದ್ದು 2012ರಲ್ಲಿ. ಕ್ಯಾಲಿಫೋರ್ನಿಯಾದ ಏಮಸ್ ಕ್ಲಿಫರ್ಡ್ ಜಪಾನಿನ ಪದ್ಧತಿಯಿಂದ ಪ್ರೇರಿತನಾಗಿ ಮಾರ್ಗದರ್ಶಕರನ್ನು ತರಬೇತುಗೊಳಿಸುವ ಸಂಸ್ಥೆ ಕಟ್ಟಿದ. ಅಲ್ಲಿ ರಕ್ತಪರೀಕ್ಷೆ ಇಲ್ಲ. ಒಂದು ಮರದ ಬಳಿ ಸುಮ್ಮನೆ ಕೂರುವುದು, ಕಂಡದ್ದನ್ನು ಗುಂಪಿನಲ್ಲಿ ಹಂಚಿಕೊಳ್ಳುವುದು, ಕೊನೆಗೆ ಅಲ್ಲಿನ ಸೊಪ್ಪಿನ ಚಹಾ ಕುಡಿಯುವುದು. ಇಲಾಖೆಯ ಆರೋಗ್ಯ ಯೋಜನೆ ಇಲ್ಲಿ ಆತ್ಮಸಾಧನೆಯ ಬಣ್ಣ ತಳೆಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲೂ ಈಗ ಅರಣ್ಯಸ್ನಾನದ ನಡಿಗೆಗಳು ನಡೆಯುತ್ತವೆ. ದಟ್ಟಣೆಯ ನಡುವೆ ಬೆಳೆಯುವ ಮಕ್ಕಳಿಗೆ, ಪರದೆ ನೋಡಿ ದಣಿದ ದೊಡ್ಡವರಿಗೆ ಅದು ಒಳ್ಳೆಯದೇ. ಆದರೆ ಮಲೆನಾಡಿನಲ್ಲಿ ಸೌದೆ ಹೊರೆ ಹೊತ್ತು ಬರುವ ಹೆಂಗಸಿಗೂ ಕಾಡಿಗೂ ಇರುವ ಸಂಬಂಧವನ್ನು ಈ ತರಗತಿಗಳು ಪಾಠವಾಗಿ ಇಟ್ಟುಕೊಳ್ಳದಿದ್ದರೆ, ಅವು ಕಲಿಸುವ ಮನೋವಿಜ್ಞಾನ ಅರೆಬರೆಯೇ ಸರಿ.

ಅಕಾಸಾವಾ ಈಗ ಏನಾಗಿದೆ? 2006ರಲ್ಲಿ ಜಪಾನಿನ ಅರಣ್ಯ ಚಿಕಿತ್ಸಾ ನೆಲೆಗಳ ಮೊದಲ ಪಟ್ಟಿಯಲ್ಲೇ ಅದರ ಹೆಸರು ಬಂತು. ಅಂಥ ನೆಲೆಗಳು ಈಗ ದೇಶದಲ್ಲಿ 60ಕ್ಕೂ ಹೆಚ್ಚು. ಗಾಲಿಕುರ್ಚಿ ಹೋಗುವಂಥ ಹಲಗೆದಾರಿ ಇದೆ, ಕಿಸೊ ಆಸ್ಪತ್ರೆಯ ವೈದ್ಯರಿಂದ ಆರೋಗ್ಯ ಸಲಹೆಯ ಏರ್ಪಾಡಿದೆ. ನಿಂತುಹೋಗಿದ್ದ ಕಿರುರೈಲು 1987ರಿಂದ ದಿಮ್ಮಿಗಳ ಬದಲು ಪ್ರವಾಸಿಗಳನ್ನು ಹೊತ್ತು ಹೊಳೆಯ ಪಕ್ಕ ಸುಮಾರು ಒಂದು ಕಿಲೋಮೀಟರು ದೂರ ಹೋಗಿ ಬರುತ್ತದೆ. ಬಾಲ್ಡ್‌ವಿನ್ ಉಗಿಬಂಡಿ ವಸ್ತುಸಂಗ್ರಹಾಲಯದಲ್ಲಿದೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಎಲ್ಲವೂ ಬಂದ್.

ಇಲ್ಲಿ ಕೊಡಲಿಯ ಸದ್ದು ಪೂರ್ತಿ ನಿಂತಿಲ್ಲ. ಇಸೆಯ ಮಹಾದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಪದ್ಧತಿ ಕ್ರಿ.ಶ. 690ರಿಂದ ನಡೆದುಬಂದಿದೆ. ಪ್ರತಿ ಸಲವೂ ಸುಮಾರು ಹತ್ತು ಸಾವಿರ ಹಿನೋಕಿ ಬೇಕು. 2033ರ ಮರುನಿರ್ಮಾಣಕ್ಕಾಗಿ 2025ರ ಜೂನ್ 3ರಂದು ಅಗೆಮಾತ್ಸುವಿನ ಕಾಡಿನಲ್ಲಿ ಮೊದಲ ಮರಗಳನ್ನು ಉರುಳಿಸಿದರು. ಬಿಳಿ ಬಟ್ಟೆ ತೊಟ್ಟ ಮರ ಕಡಿಯುವವರು ಗರಗಸ ಮುಟ್ಟುವುದಿಲ್ಲ. ಬುಡಕ್ಕೆ ಮೂರು ದಿಕ್ಕಿನಿಂದ ಕೊಡಲಿ ಹಾಕಿ, ನಡುವಿನ ತಿರುಳನ್ನು ತೆಗೆದು, ಮರ ಮೂರು ಕಾಲಿನ ಮೇಲೆ ನಿಲ್ಲುವಂತೆ ಮಾಡುತ್ತಾರೆ. ಕೊನೆಯ ಕಾಲು ಕಡಿಯುವ ಮೊದಲು ಬೆಟ್ಟದ ದೇವರಿಗೆ, ಒಂದು ಮರ ಮಲಗುತ್ತಿದೆ ಎಂದು ಕೂಗಿ ತಿಳಿಸುತ್ತಾರೆ. ಮರ ಬಿದ್ದ ಮೇಲೆ ಅದರದೇ ಒಂದು ಕೊಂಬೆಯ ತುದಿಯನ್ನು ಬೊಡ್ಡೆಗೆ ಸಿಕ್ಕಿಸುತ್ತಾರೆ. ಹೀಗೆ ಬಿದ್ದ ಮರಗಳ ವಯಸ್ಸು ಸುಮಾರು ಮುನ್ನೂರು. ಅಂದರೆ ತಲೆದಂಡದ ಆಜ್ಞೆ ಇನ್ನೂ ಹೊಸದಾಗಿದ್ದಾಗ ಮೊಳೆತವು.

ಕಿಸೊವನ್ನೇ ನಂಬಿಕೊಂಡರೆ ಮರ ಸಾಲದೆಂದು ಇಸೆಯವರು 1923ರಲ್ಲಿ ತಮ್ಮದೇ ಬೆಟ್ಟದಲ್ಲಿ, ಇನ್ನೂರು ವರ್ಷದ ಯೋಜನೆ ಹಾಕಿ ಹಿನೋಕಿ ಬೆಳೆಸಲು ಶುರುಮಾಡಿದರು. 2013ರ ಮರುನಿರ್ಮಾಣಕ್ಕೆ ಬೇಕಾದ ನಾಟಾದಲ್ಲಿ ಸುಮಾರು ಕಾಲು ಭಾಗ ಆ ಹೊಸ ಕಾಡಿನದು. ಉಳಿದದ್ದರ ಬಹುಪಾಲು ಈಗಲೂ ಕಿಸೊದಿಂದಲೇ ಹೋಗುತ್ತದೆ.